ಸಂಧಾನ ಕಲಿಯುವ ಮಕ್ಕಳಿಗೂ ಒಂದು ವಿದ್ಯಾರ್ಥಿವೇತನ ಇರಲಿ

ಮುಂಬೈ ಮತ್ತು ಉಪನಗರಗಳ ಕನ್ನಡ ಸಂಘಗಳು, ಸಮುದಾಯ ಸಂಸ್ಥೆಗಳು, ಯಕ್ಷಗಾನ ಮಂಡಳಿಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ವಿದ್ಯಾರ್ಥಿವೇತನ ಸಮಿತಿಯ ಎಲ್ಲ ಹಿರಿಯರಿಗೆ,



ಮಳೆಗಾಲ ಹಿಡಿಯುವ ಹೊತ್ತಿಗೆ ನಿಮ್ಮ ಕಚೇರಿಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳು ತುಂಬುತ್ತವೆ. ಅಂಕಪಟ್ಟಿ, ರೇಷನ್ ಕಾರ್ಡಿನ ಪ್ರತಿ, ಮನೆಯ ಆದಾಯದ ದಾಖಲೆ ಎಲ್ಲವನ್ನೂ ನೋಡಿ ಯಾರಿಗೆ ಎಷ್ಟು ಎಂದು ನೀವು ಕೂತು ತೀರ್ಮಾನಿಸುತ್ತೀರಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ತಲೆಮಾರು ಕಟ್ಟಿದ ನಿಧಿಗಳು ಇವು. ಅವುಗಳ ನೆರವಿನಿಂದ ಓದಿದವರು ಇಂದು ಈ ನಗರದ ಆಸ್ಪತ್ರೆ, ಬ್ಯಾಂಕು, ನ್ಯಾಯಾಲಯಗಳಲ್ಲಿದ್ದಾರೆ. ಆ ಪಟ್ಟಿಗೆ ಈ ವರ್ಷ ಒಂದು ಹೊಸ ಸಾಲು ಸೇರಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಜನ ಜನರ ನಡುವಿನ, ರಾಜ್ಯ ರಾಜ್ಯಗಳ ನಡುವಿನ, ದೇಶ ದೇಶಗಳ ನಡುವಿನ ಜಗಳವನ್ನು ಮಾತಿನಿಂದ ಬಿಡಿಸುವುದು ಹೇಗೆ ಎಂಬುದನ್ನು ಶಾಸ್ತ್ರವಾಗಿ ಓದಲು ಹೊರಡುವ ಒಬ್ಬ ಹುಡುಗನಿಗೋ ಹುಡುಗಿಗೋ ಎರಡು ವರ್ಷದ ಫೀಸು ಕೊಡಿ.

ನಾನು ಇಲ್ಲಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು, “ಮೇಡಂ, ದೇಶಗಳ ನಡುವೆ ರಾಜಿ ಮಾಡಿಸುವವರು ಏನು ಓದಿರುತ್ತಾರೆ?” ಎಂದು ಕೇಳುವ ಮಕ್ಕಳು ಪ್ರತಿ ವರ್ಷ ಒಬ್ಬಿಬ್ಬರಾದರೂ ಇರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಬ್ಯಾಂಕ್ ಪರೀಕ್ಷೆಯ ಕಡೆಗೆ ಹೋದರು. ಅವರ ತಂದೆ ತಾಯಿಯರನ್ನು ನಾನು ದೂರುವುದಿಲ್ಲ. ಕುರ್ಲಾದಲ್ಲೋ ಡೊಂಬಿವಲಿಯಲ್ಲೋ ಒಂದು ಕೋಣೆಯ ಮನೆಗೆ ಕಂತು ಕಟ್ಟುವವರು, ಮುಂದೆ ಸಂಬಳ ಎಲ್ಲಿಂದ ಬರುತ್ತದೆ ಎಂದು ಗೊತ್ತಿಲ್ಲದ ಓದಿಗೆ ಮಕ್ಕಳನ್ನು ಕಳುಹಿಸುವುದು ಹೇಗೆ? ಆ ಧೈರ್ಯವನ್ನು ಸಮುದಾಯ ಕೊಡಬೇಕು. ಡಾಕ್ಟರನ್ನು ಮನೆಯೇ ತಯಾರು ಮಾಡಿಕೊಳ್ಳುತ್ತದೆ, ಸಂಧಾನಕಾರರನ್ನು ಸಮಾಜವೇ ತಯಾರು ಮಾಡಬೇಕು.

ಇಂಥ ಓದು ಇದೆಯೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇದೆ, ಅರುವತ್ತು ವರ್ಷಗಳಿಗಿಂತ ಹಿಂದಿನಿಂದಲೂ ಇದೆ. ನಾರ್ವೆಯ ಯೋಹಾನ್ ಗಾಲ್ಟುಂಗ್ 1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನೆಯ ಸಂಸ್ಥೆ ಕಟ್ಟಿದರು. ಸ್ವೀಡನ್ನಿನ ಉಪ್ಸಲಾದಲ್ಲಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ 1970ರ ದಶಕದ ಆರಂಭದಲ್ಲೇ ವಿಭಾಗಗಳು ತೆರೆದವು. ವಿಶ್ವಸಂಸ್ಥೆ 1980ರಲ್ಲಿ ಕೋಸ್ಟಾರಿಕದಲ್ಲಿ ಶಾಂತಿ ವಿಶ್ವವಿದ್ಯಾಲಯವನ್ನೇ ಸ್ಥಾಪಿಸಿತು. ನಮ್ಮಲ್ಲಿ ದೆಹಲಿಯ ಜಾಮಿಯಾ ಮಿಲಿಯಾದಲ್ಲಿ 2004ರಿಂದ ನೆಲ್ಸನ್ ಮಂಡೇಲಾ ಹೆಸರಿನ ಕೇಂದ್ರವಿದೆ. ಕೋವಿಯ ಸದ್ದು ನಿಂತ ಮಾತ್ರಕ್ಕೆ ಶಾಂತಿ ಬಂದಂತಾಗುವುದಿಲ್ಲ, ಒಬ್ಬನ ಬದುಕನ್ನು ಮೊಟಕು ಮಾಡುವ ವ್ಯವಸ್ಥೆಯೂ ಹಿಂಸೆಯೇ ಎಂಬುದು ಗಾಲ್ಟುಂಗ್ ಅವರ ಮುಖ್ಯ ವಿಚಾರ. ಬಸವಣ್ಣನವರ ನಾಡಿನಿಂದ ಬಂದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ವಿದ್ಯೆಗೆ ಮಾದರಿ ಹುಡುಕಲು ಓಸ್ಲೋಗೆ ಹೋಗಬೇಕಾಗಿಲ್ಲ. ಸಾಂತಾಕ್ರೂಜಿನಲ್ಲಿ ಬದುಕಿ, ಅಲ್ಲೇ ಕೆಲಸ ಮಾಡಿದ ಒಬ್ಬರಿದ್ದರು. ಅಸ್ಗರ್ ಅಲಿ ಇಂಜಿನಿಯರ್. ರಾಜಸ್ಥಾನದ ಸಲೂಂಬರ್‌ನಲ್ಲಿ 1939ರ ಮಾರ್ಚ್ 10ರಂದು ಬೋಹ್ರಾ ಮುಸ್ಲಿಮರ ಧರ್ಮಗುರುವೊಬ್ಬರ ಮಗನಾಗಿ ಹುಟ್ಟಿದರು. ಅರಬ್ಬಿ, ಕುರಾನಿನ ವ್ಯಾಖ್ಯಾನ, ಧರ್ಮಶಾಸ್ತ್ರ ಎಲ್ಲವನ್ನೂ ತಂದೆಯಿಂದ ಕಲಿತರು. ಉಜ್ಜಯಿನಿಯ ವಿಕ್ರಮ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ ನಮ್ಮ ಮುಂಬೈ ಮಹಾನಗರಪಾಲಿಕೆಯಲ್ಲಿ ಸುಮಾರು ಇಪ್ಪತ್ತು ವರ್ಷ ನೌಕರಿ ಮಾಡಿದರು. ನಾವು ನೀವು ನೀರು, ಚರಂಡಿಯ ದೂರು ಹಿಡಿದು ಓಡಾಡುವ ಅದೇ ಪಾಲಿಕೆ.

1961ರಲ್ಲಿ ಜಬಲ್ಪುರದಲ್ಲಿ ದಂಗೆಯಾಯಿತು. ಸ್ವತಂತ್ರ ಭಾರತದಲ್ಲಿ ಇಂಥದ್ದು ಇನ್ನು ನಡೆಯದು ಎಂದು ನಂಬಿದ್ದ ತರುಣನಿಗೆ ಅದು ದೊಡ್ಡ ಆಘಾತ. ಕಾರಣ ಹುಡುಕಲು ಹೊರಟವರು ಜೀವನದ ಕೊನೆಯವರೆಗೂ ಆ ಕೆಲಸ ಬಿಡಲಿಲ್ಲ. ದಂಗೆಯಾದ ಊರಿಗೆ ಹೋಗುವುದು, ಎರಡೂ ಕಡೆಯವರ ಜೊತೆ, ಪೊಲೀಸರ ಜೊತೆ, ಅಂಗಡಿಯವರ ಜೊತೆ, ಸ್ಥಳೀಯ ಪತ್ರಕರ್ತರ ಜೊತೆ ಕೂತು ಮಾತಾಡುವುದು, ವದಂತಿ ಯಾವುದು, ನಡೆದದ್ದು ಯಾವುದು ಎಂದು ಬೇರ್ಪಡಿಸಿ ಬರೆದಿಡುವುದು. ಈ ಮುಂಬೈಯಿಂದಲೇ ಹೊರಡುವ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಅವರ ವರದಿಗಳು ವರ್ಷ ವರ್ಷವೂ ಬಂದವು.

ಅವರು ಕಂಡುಕೊಂಡದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ಓದಿನ ಸತ್ವ ಅಲ್ಲಿದೆ. ಜಬಲ್ಪುರದ ಗಲಭೆಯ ಹಿಂದೆ ಹಿಂದೂ ಮತ್ತು ಮುಸ್ಲಿಂ ಬೀಡಿ ಮಾಲೀಕರ ನಡುವಿನ ವ್ಯಾಪಾರದ ಪೈಪೋಟಿ ಇತ್ತು. 1980ರಲ್ಲಿ ಹೊತ್ತಿ ಉರಿದ ಮುರಾದಾಬಾದ್ ಹಿತ್ತಾಳೆ ಕಸುಬಿನ ಊರು. ಭಿವಂಡಿ ಪವರ್‌ಲೂಮಿನ ಊರು. ಬಿಹಾರ್ ಷರೀಫಿನಲ್ಲಿ ಸ್ಮಶಾನದ ಜಾಗದ ತಕರಾರು. ಹೊರಗೆ ದೇವರ ಹೆಸರು, ಒಳಗೆ ಮಾರುಕಟ್ಟೆ, ನಿವೇಶನ, ಮುಂದಿನ ಚುನಾವಣೆ. ಧರ್ಮವು ಜಗಳದ ಮೂಲವಲ್ಲ, ಅದನ್ನು ಜಗಳಕ್ಕೆ ಉಪಯೋಗಿಸುವವರ ಕೈಯಲ್ಲಿ ಸಲಕರಣೆ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಹೀಗೆ ಒಂದೊಂದು ಊರಿನ ಲೆಕ್ಕ ತೆಗೆದು. 1984ರ ಭಿವಂಡಿ ಮತ್ತು ಮುಂಬೈ ಗಲಭೆಗಳ ಮೇಲೆ ಅವರು ಅದೇ ವರ್ಷ ಇಡೀ ಪುಸ್ತಕ ಹೊರತಂದರು. 1980ರಲ್ಲಿ ಇಸ್ಲಾಮಿಕ್ ಅಧ್ಯಯನ ಸಂಸ್ಥೆ, ಬಾಬ್ರಿ ಮಸೀದಿ ಬಿದ್ದು ಮುಂಬೈ ಸುಟ್ಟ ಮೇಲೆ 1993ರಲ್ಲಿ ‘ಸೆಂಟರ್ ಫಾರ್ ಸ್ಟಡಿ ಆಫ್ ಸೊಸೈಟಿ ಅಂಡ್ ಸೆಕ್ಯುಲರಿಸಂ’ ಕಟ್ಟಿದರು. ಆ ಕೇಂದ್ರ ಪೊಲೀಸರಿಗೆ, ಶಿಕ್ಷಕರಿಗೆ, ಕಾಲೇಜು ಹುಡುಗರಿಗೆ ಕಾರ್ಯಾಗಾರ ನಡೆಸಿತು. ಐಐಟಿಯಲ್ಲಿ ಕಲಿಸುತ್ತಿದ್ದ ರಾಮ್ ಪುನಿಯಾನಿಯಂಥವರು ಜೊತೆ ನಿಂತರು.

ಅವರ ಬರಹದಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ, ಅದನ್ನೂ ಹೇಳಬೇಕು. ಲಾಭ ಮತ್ತು ಮತದ ಲೆಕ್ಕ ಅಷ್ಟು ಸ್ಪಷ್ಟವಾಗಿ ಬರುವ ಕಡೆ, ಮನೆ ಕಳೆದುಕೊಂಡ ಹೆಂಗಸಿನ ಭಯ, ತಲೆಮಾರುಗಳಿಂದ ಉಳಿದು ಬಂದ ಅವಮಾನದ ನೆನಪು ಅಷ್ಟಾಗಿ ಬರುವುದಿಲ್ಲ. ಆ ಭಾಗವನ್ನು ಮುಂದಿನವರು ಬರೆಯಬೇಕಾಗಿದೆ. ಆದರೆ ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಬೇರೆಯವರ ತಪ್ಪು ತೋರಿಸುವ ಮೊದಲು ತಮ್ಮದೇ ಬೋಹ್ರಾ ಸಮುದಾಯದ ಧಾರ್ಮಿಕ ಅಧಿಕಾರವನ್ನು ಪ್ರಶ್ನಿಸಿದರು. 1977ರಲ್ಲಿ ಉದಯಪುರದಲ್ಲಿ ಸುಧಾರಣಾವಾದಿಗಳ ಸಮ್ಮೇಳನ ನಡೆದಾಗ ಅದರ ಪ್ರಧಾನ ಕಾರ್ಯದರ್ಶಿಯಾದರು. ಬಹಿಷ್ಕಾರ ಬಂತು, ಮೈಮೇಲೆ ಹಲ್ಲೆಗಳಾದವು. ಹೆದರಿ ಸುಮ್ಮನಾಗಲಿಲ್ಲ, ದ್ವೇಷದಿಂದ ಬರೆಯಲೂ ಇಲ್ಲ. ಬ್ಯಾಂಕಾಕ್ ಕೇಂದ್ರವಾಗಿರುವ ಏಷ್ಯಾದ ಮುಸ್ಲಿಂ ಕ್ರಿಯಾಜಾಲವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. 2004ರಲ್ಲಿ ಸ್ವಾಮಿ ಅಗ್ನಿವೇಶ್ ಅವರ ಜೊತೆಯಲ್ಲಿ, ಪರ್ಯಾಯ ನೊಬೆಲ್ ಎಂದು ಜನ ಕರೆಯುವ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬಂತು. 2013ರ ಮೇ 14ರಂದು ಮುಂಬೈಯಲ್ಲೇ ತೀರಿಕೊಂಡರು. ಅವರು ಬರೆದ ಮತ್ತು ಸಂಪಾದಿಸಿದ ಪುಸ್ತಕಗಳು ಐವತ್ತನ್ನು ದಾಟುತ್ತವೆ. ವಿಶ್ವವಿದ್ಯಾಲಯದ ಕುರ್ಚಿಯ ಹೊರಗೇ ಉಳಿದ ವಿದ್ವಾಂಸರೊಬ್ಬರ ಜೀವಮಾನದ ದುಡಿಮೆ ಅದು.

ಓದಿನಿಂದ ದಂಗೆ ನಿಲ್ಲುತ್ತದೆಯೇ? ಈ ಪ್ರಶ್ನೆಗೆ ಉತ್ತರವಾಗಿ ಭಿವಂಡಿಯನ್ನು ನೋಡಿ. 1970ರಲ್ಲಿ ಆ ಊರು ಉರಿಯಿತು, ನ್ಯಾಯಮೂರ್ತಿ ಮದನ್ ಆಯೋಗ ಅದರ ವಿಚಾರಣೆ ಮಾಡಿತು. 1984ರಲ್ಲಿ ಮತ್ತೆ ಉರಿಯಿತು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಬೀಟ್ ಬೀಟಿಗೂ ಮೊಹಲ್ಲಾ ಸಮಿತಿ ಕಟ್ಟಿದರು. ಹಿಂದೂಗಳೂ ಮುಸ್ಲಿಮರೂ ಸಮನಾಗಿ ಕೂರುವ, ಠಾಣೆಯ ಅಧಿಕಾರಿಯೂ ಜೊತೆಗೆ ಕೂರುವ ಸಮಿತಿ. ಅಲ್ಲಿ ದೊಡ್ಡ ಭಾಷಣಗಳಿರಲಿಲ್ಲ. ನಲ್ಲಿಯ ಜಗಳ, ಬಾಡಿಗೆಯ ಜಗಳ, ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬಂಥವನ್ನೇ ತಿಂಗಳು ತಿಂಗಳು ಕೂತು ಬಗೆಹರಿಸಿದರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈಯಲ್ಲಿ 900 ಜನ ಸತ್ತರು ಎಂದು ಶ್ರೀಕೃಷ್ಣ ಆಯೋಗ ದಾಖಲಿಸಿದೆ. ಆ ದಿನಗಳಲ್ಲಿ ಪಕ್ಕದ ಭಿವಂಡಿ ಶಾಂತವಾಗಿತ್ತು. ವಿದ್ವಾಂಸ ಆಶುತೋಷ್ ವಾರ್ಷ್ನೇಯ 2002ರಲ್ಲಿ ಹೊರಬಂದ ತಮ್ಮ ಅಧ್ಯಯನದಲ್ಲಿ ಇದನ್ನೂ ಚರ್ಚಿಸಿ, ದಿನನಿತ್ಯದ ಒಡನಾಟಕ್ಕಿಂತ ಸಂಘ, ಒಕ್ಕೂಟ, ಸಮಿತಿಗಳಲ್ಲಿ ಎರಡೂ ಕಡೆಯವರು ಒಟ್ಟಿಗೆ ಇರುವ ಊರುಗಳೇ ವದಂತಿಯನ್ನು ತಡೆದುಕೊಳ್ಳುತ್ತವೆ ಎಂದು ತೋರಿಸಿದರು. ಸಂಘಗಳನ್ನು ನಡೆಸುವ ನಿಮಗೆ ಈ ಮಾತು ನೇರವಾಗಿ ಸಂಬಂಧಿಸಿದ್ದು.

ದಂಗೆಯ ಬಳಿಕ ಮುಂಬೈಯೂ ಅದೇ ದಾರಿ ಹಿಡಿಯಿತು. ಪೊಲೀಸ್ ಆಯುಕ್ತರಾಗಿದ್ದ ಸತೀಶ್ ಸಾಹ್ನಿ, ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೋ ರಿಬೇರೋ, ಸಾಮಾಜಿಕ ಕಾರ್ಯಕರ್ತೆ ಸುಶೋಭಾ ಬರ್ವೆ ಮೊದಲಾದವರು ಮೊಹಲ್ಲಾ ಸಮಿತಿಗಳನ್ನು ಬೆಳೆಸಿದರು. ಧಾರಾವಿಯಲ್ಲಿ ಭಾವು ಕೊರ್ಡೆ ಮತ್ತು ವಕಾರ್ ಖಾನ್ ಎಂಬ ಇಬ್ಬರು ಗೆಳೆಯರು ಮಾಡಿದ ಕೆಲಸವನ್ನು ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದ ಅಂಜಲಿ ಮೊಂತೆರೋ ಮತ್ತು ಕೆ.ಪಿ. ಜಯಶಂಕರ್ ‘ನಾತಾ’ ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ. ನಿಮ್ಮ ಸಭಾಗೃಹದಲ್ಲಿ ಒಂದು ಸಂಜೆ ಅದನ್ನು ತೋರಿಸಿ. ಮುಂಬೈಯ ಓಣಿಗಳಲ್ಲಿ ಈ ಕೆಲಸ ಮಾಡಿದ ಸುಶೋಭಾ ಬರ್ವೆ ಮುಂದೆ ಕಾಶ್ಮೀರಕ್ಕೆ ಹೋದರು. ನಿಯಂತ್ರಣ ರೇಖೆಯ ಎರಡೂ ಬದಿಯ ಕಾಶ್ಮೀರಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವ ಮಾತುಕತೆಗಳನ್ನು ವರ್ಷಗಟ್ಟಲೆ ನಡೆಸಿದರು. ಓಣಿಯಲ್ಲಿ ಪಳಗಿದ ಕೈ ಅಂತರರಾಷ್ಟ್ರೀಯ ವಿವಾದಕ್ಕೂ ಒದಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಇದೆಲ್ಲ ಹಿಂದೂ ಮುಸ್ಲಿಂ ವಿಷಯ, ಇದರಲ್ಲಿ ಮುಂಬೈ ಕನ್ನಡಿಗರ ಪಾಲೇನು ಎನ್ನುತ್ತೀರಾ? 1969ರ ಫೆಬ್ರವರಿ ನಿಮ್ಮಲ್ಲಿ ಹಿರಿಯರಿಗೆ ಮರೆತಿರಲಿಕ್ಕಿಲ್ಲ. ಮಹಾರಾಷ್ಟ್ರ ಮತ್ತು ಕರ್ನಾಟಕದ ಗಡಿ ವಿವಾದದ ಹೆಸರಿನಲ್ಲಿ ಈ ನಗರ ದಿನಗಟ್ಟಲೆ ಹೊತ್ತಿ ಉರಿಯಿತು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಅದಕ್ಕೆ ಮೂರು ವರ್ಷ ಮೊದಲಿನಿಂದಲೇ, ದಕ್ಷಿಣದವರು ಮರಾಠಿ ಮಕ್ಕಳ ಅನ್ನ ಕಸಿದರು ಎಂಬ ಪ್ರಚಾರ ಬೀದಿ ಬೀದಿಯಲ್ಲಿ ನಡೆದಿತ್ತು. ನಾವು ಇಲ್ಲಿ ಪರರಾಗಿ ಕಂಡ ದಿನಗಳಿದ್ದವು. ನಮ್ಮನ್ನು ಆ ದಿನಗಳಲ್ಲಿ ಉಳಿಸಿದವರು ಚಾಳಿನ ಮರಾಠಿ ನೆರೆಯವರೂ ಹೌದು. ಇಷ್ಟು ಅನುಭವ ಇರುವ ಸಮುದಾಯದಿಂದ ಜಗಳದ ಶಾಸ್ತ್ರ ಓದಿದ ಒಬ್ಬ ವಿದ್ವಾಂಸ ಬರಬೇಡವೇ?

ಆ ಗಡಿ ವಿವಾದ ಇನ್ನೂ ಇದ್ದ ಹಾಗೆಯೇ ಇದೆ. ಮಹಾರಾಷ್ಟ್ರದ ಒತ್ತಾಯದ ಮೇಲೆ 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು, 1967ರಲ್ಲಿ ವರದಿ ಬಂತು. ಮಹಾರಾಷ್ಟ್ರ ಕೇಳಿದ್ದು 814 ಹಳ್ಳಿ, ಆಯೋಗ ಕೊಡು ಎಂದದ್ದು 264. ಅತ್ತ ಕಡೆಯಿಂದ 247 ಹಳ್ಳಿಗಳು ಕರ್ನಾಟಕಕ್ಕೆ ಬರಲಿ ಎಂದಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಎರಡೂ ಕಡೆ ಬಸ್ಸುಗಳಿಗೆ ಕಲ್ಲು ಬಿದ್ದಾಗ ಊರಿಗೆ ಟಿಕೆಟ್ ಮಾಡಿಸಿದ್ದ ಎಷ್ಟು ಮುಂಬೈ ಕನ್ನಡಿಗರು ಹಿಂದೆ ಮುಂದೆ ನೋಡಿದರು ಎಂದು ನಿಮಗೆ ಗೊತ್ತು.

ಇಂಥ ವಿವಾದವನ್ನು ಮಾತಿನಿಂದ ಬಿಡಿಸುವ ಕಲೆ ನಿಮಗೆ ಹೊಸದಲ್ಲ. ನೀವು ಪ್ರೀತಿಯಿಂದ ಏರ್ಪಡಿಸುವ ತಾಳಮದ್ದಳೆಗಳಲ್ಲಿ ‘ಕೃಷ್ಣ ಸಂಧಾನ’ಕ್ಕೆ ಬೇರೆಯದೇ ಮರ್ಯಾದೆ. ಅರ್ಥಧಾರಿಗಳು ತಾಸುಗಟ್ಟಲೆ ವಾದಿಸುವುದನ್ನು ಇಡೀ ಸಭೆ ಕೂತು ಕೇಳುತ್ತದೆ. ಅರ್ಧ ರಾಜ್ಯದ ಹಕ್ಕಿನಿಂದ ಐದು ಗ್ರಾಮಕ್ಕೆ ಇಳಿದು ಬರುವ ಕೃಷ್ಣ, ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆನ್ನುವ ಕೌರವ. ಒಳ್ಳೆಯ ಕೃಷ್ಣನ ಪಾತ್ರಧಾರಿ ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ತೋರಿಸಿ ಆಮೇಲೆ ತನ್ನ ಮಾತಿಗೆ ಬರುತ್ತಾನೆ. ಹಾರ್ವರ್ಡಿನ ಕಾನೂನು ಪ್ರಾಧ್ಯಾಪಕ ರೋಜರ್ ಫಿಶರ್ 1981ರಲ್ಲಿ ವಿಲಿಯಂ ಯೂರಿಯವರ ಜೊತೆ ಬರೆದ ಪುಸ್ತಕದ ತಿರುಳು ಇದಕ್ಕೆ ತೀರ ದೂರದ್ದಲ್ಲ: ಬಾಯಲ್ಲಿ ಕೇಳುವ ಬೇಡಿಕೆ ಬೇರೆ, ಅದರ ಹಿಂದಿನ ಅಗತ್ಯ ಬೇರೆ. ಸೈನಾಯ್ ಮರುಭೂಮಿ ನಮಗೆ ಬೇಕು ಎಂದು ಈಜಿಪ್ಟ್ ಮತ್ತು ಇಸ್ರೇಲ್ ಎರಡೂ ಹೇಳುತ್ತಿದ್ದವು. ಈಜಿಪ್ಟಿಗೆ ಬೇಕಿದ್ದದ್ದು ತನ್ನ ನೆಲದ ಒಡೆತನ, ಇಸ್ರೇಲಿಗೆ ಬೇಕಿದ್ದದ್ದು ಗಡಿಯ ಹತ್ತಿರ ಶತ್ರುವಿನ ಟ್ಯಾಂಕ್ ಇಲ್ಲವೆಂಬ ನೆಮ್ಮದಿ. 1978ರ ಕ್ಯಾಂಪ್ ಡೇವಿಡ್ ಒಪ್ಪಂದ ನೆಲವನ್ನು ಒಬ್ಬರಿಗೆ ಕೊಟ್ಟು, ಸೇನೆಯಿಲ್ಲದ ವಲಯ ಮಾಡಿ ನೆಮ್ಮದಿಯನ್ನು ಇನ್ನೊಬ್ಬರಿಗೆ ಕೊಟ್ಟಿತು.

ಬೇಡಿಕೆಯ ಹಿಂದಿನ ಅಗತ್ಯ ಏನು ಎಂಬ ಇದೇ ಪ್ರಶ್ನೆಯನ್ನು ಈಗ ಗಡಿಯ ಹಳ್ಳಿಯಲ್ಲಿ ಕೇಳಿ ನೋಡಿ. ಬೆಳಗಾವಿಯ ಮರಾಠಿ ಕುಟುಂಬಕ್ಕೆ ತನ್ನ ಮಗುವಿನ ಶಾಲೆ ಮುಚ್ಚಬಾರದು, ತಹಶೀಲ್ದಾರ್ ಕಚೇರಿಯ ಕಾಗದ ಓದಲು ಬರಬೇಕು. ಮಹಾರಾಷ್ಟ್ರದ ಅಕ್ಕಲಕೋಟೆಯ, ಜತ್ತಿನ ಕನ್ನಡ ಕುಟುಂಬಕ್ಕೂ ಅದೇ. ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬೇಕು, ಹೊಲಕ್ಕೆ ನೀರು ಬೇಕು. ಜತ್ ತಾಲೂಕಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದು ದನಿ ಎತ್ತಿದ್ದರ ಹಿಂದೆ ಇದ್ದದ್ದು ನೀರಿನ ಬರ. ನಕ್ಷೆಯ ಗೆರೆ ಎಲ್ಲಿರಬೇಕೆಂಬುದನ್ನು ನ್ಯಾಯಾಲಯ ಹೇಳಲಿ, ಕರ್ನಾಟಕದ ವಾದದಲ್ಲಿ ನ್ಯಾಯವಿದೆ ಎಂದೇ ನಾನೂ ನಂಬಿದವಳು. ಆದರೆ ಶಾಲೆ, ಕಾಗದ, ನೀರು ಈ ಮೂರರ ಬಗ್ಗೆ ನ್ಯಾಯಾಲಯ ತೀರ್ಪು ಕೊಡುವವರೆಗೆ ಕಾಯುವ ಅಗತ್ಯವಿಲ್ಲ. ಎರಡೂ ಭಾಷೆ ಬಲ್ಲ, ಎರಡೂ ಕಡೆ ಊಟ ಮಾಡಿದ ಒಬ್ಬ ಸಂಶೋಧಕ ಹಳ್ಳಿ ಹಳ್ಳಿ ತಿರುಗಿ ಈ ಬೇಡಿಕೆಗಳನ್ನು ಪಟ್ಟಿ ಮಾಡಿ ಎರಡೂ ಸರ್ಕಾರಗಳ ಮುಂದಿಟ್ಟರೆ, ಅದು ದೊಡ್ಡ ಕೆಲಸ. ಮರಾಠಿಯಲ್ಲಿ ಆಡುತ್ತ ಬೆಳೆದ ಮುಂಬೈ ಕನ್ನಡ ಮಗುವಿಗಿಂತ ಇದಕ್ಕೆ ತಕ್ಕವರು ಬೇರೆ ಯಾರು?

ಇಂಥದ್ದು ಕಾವೇರಿಯ ವಿಷಯದಲ್ಲಿ ನಡೆದಿದೆ. ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕ ಎಸ್. ಜನಕರಾಜನ್ ಅವರು 2003ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ರೈತರನ್ನು ಚೆನ್ನೈಯಲ್ಲಿ ಕೂರಿಸಿದರು. ‘ಕಾವೇರಿ ಕುಟುಂಬ’ ಹುಟ್ಟಿದ್ದು ಹಾಗೆ. ಮಂಡ್ಯದ ಕಡೆಯವರು ತಂಜಾವೂರಿನ ಗದ್ದೆ ನೋಡಿದರು, ತಂಜಾವೂರಿನವರು ಮಂಡ್ಯದ ಕಡೆಯ ಜಲಾಶಯ, ನಾಲೆ ನೋಡಿದರು. ಬರದ ವರ್ಷದಲ್ಲಿ ನೀರಿಲ್ಲವೆಂದು ಆಚೆಯವನು ಹೇಳಿದ್ದು ನೆಪವಲ್ಲ ಎಂದು ಕಣ್ಣಾರೆ ಕಂಡರು. ಎಲ್ಲರೂ ಒಪ್ಪುವ ಹಂಚಿಕೆಯ ಸೂತ್ರ ಅವರಿಂದ ಹೊರಬರಲಿಲ್ಲ, ನಿಜ. ಆದರೆ ರೈತ ರೈತನ ಜೊತೆ ನೇರ ಮಾತಾಡುವ ದಾರಿಯೊಂದು ತೆರೆಯಿತು, ಅದನ್ನು ತೆರೆದದ್ದು ಒಬ್ಬ ಅಧ್ಯಾಪಕ.

ನಮ್ಮ ನಾಡಿನಿಂದ ಹೋಗಿ ಲೋಕದ ಜಗಳದ ನಡುವೆ ನಿಂತವರೂ ಇದ್ದಾರೆ. ಅವರ ಕತೆಯನ್ನು ನಾವು ಮಕ್ಕಳಿಗೆ ಹೇಳುತ್ತಿಲ್ಲ. ಮಂಗಳೂರಿನ ಬೆನಗಲ್ ನರಸಿಂಗರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದರೆಂದು ಕೆಲವರಿಗೆ ಗೊತ್ತು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಅವರೇ. ಅದೇ ವರ್ಷದ ಡಿಸೆಂಬರಿನಲ್ಲಿ ಕದನ ವಿರಾಮದ ದಾರಿ ಹುಡುಕಲು ಮಹಾಸಭೆ ನೇಮಿಸಿದ ಮೂವರಲ್ಲಿ ಇರಾನಿನ ಎಂತೆಜಾಂ, ಕೆನಡಾದ ಲೆಸ್ಟರ್ ಪಿಯರ್ಸನ್ ಜೊತೆ ಮೂರನೆಯವರು ನಮ್ಮ ರಾಯರು. ಚೀನಾ ಒಪ್ಪದೆ ಆ ಪ್ರಯತ್ನ ಸೋತಿತು. ಆದರೂ ಭಾರತ ಬಿಡಲಿಲ್ಲ. ಎರಡು ವರ್ಷದ ಮೇಲೆ, ಯುದ್ಧ ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗದ ವಶಕ್ಕೆ ಕೊಡುವ ಭಾರತದ ಸಲಹೆ ಮಹಾಸಭೆಯಲ್ಲಿ ಅಂಗೀಕಾರವಾಯಿತು. 1953ರ ಜುಲೈ 27ರಂದು ಯುದ್ಧ ನಿಂತಾಗ ಉಪಯೋಗಕ್ಕೆ ಬಂದದ್ದು ಆ ಸಲಹೆ.

ಆ ಆಯೋಗದ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ಮುಖ್ಯಸ್ಥರು ಕೊಲ್ಹಾಪುರದ ಕಡೆಯ ಎಸ್.ಪಿ.ಪಿ. ಥೋರಾಟ್. ಒಬ್ಬರು ಕೊಡಗಿನವರು, ಒಬ್ಬರು ಮರಾಠಿಗರು. ಭಾರತದ ಸೈನಿಕರು ತನ್ನ ನೆಲ ಮೆಟ್ಟಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಠ ಹಿಡಿದಾಗ ಸಾವಿರಾರು ಜವಾನರನ್ನು ಬಂದರಿನಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿ ನಿಸ್ಸೇನಾ ವಲಯಕ್ಕೆ ಇಳಿಸಬೇಕಾಯಿತು. ಊರಿಗೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿದ ಕೈದಿಗಳು, ತಂತಿಬೇಲಿಯೊಳಗೆ ದಿನವೂ ಗಲಾಟೆ, ಹೊರಗೆ ಎರಡೂ ಬಣಗಳ ಸಂಶಯ. ಡೇರೆಗಳಲ್ಲಿ ಒಬ್ಬೊಬ್ಬ ಕೈದಿಯನ್ನೂ ಕೂರಿಸಿ, ಬಲವಂತವಿಲ್ಲದೆ ಅವನ ನಿರ್ಧಾರ ಕೇಳುವ ವ್ಯವಸ್ಥೆಯನ್ನು ನಡೆಸಬೇಕಿತ್ತು. ಎಲ್ಲರಿಗೂ ಅವಕಾಶ ಸಿಗಲಿಲ್ಲ, ಎರಡೂ ಕಡೆಯವರಿಂದ ಬೈಗುಳ ಬಂತು. ತಿಮ್ಮಯ್ಯನವರೂ ಥೋರಾಟರೂ ತಾಳ್ಮೆ ಕಳೆದುಕೊಳ್ಳಲಿಲ್ಲ. ಯಾವ ಕಡೆಗೂ ಹೋಗಲೊಲ್ಲದ 88 ಮಂದಿಯನ್ನು ಭಾರತವೇ ಕರೆತಂದಿತು. ತಿಮ್ಮಯ್ಯನವರು ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದಾಗ 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಆ ಪುಟ್ಟ ದ್ವೀಪ ಅವರ ನೆನಪಿಗೆ ಅಂಚೆ ಚೀಟಿ ಹೊರಡಿಸಿತು. ಬೆಳಗಾವಿಯ ಹೆಸರಿನಲ್ಲಿ ಕಲ್ಲು ತೂರುವ ಹುಡುಗರಿಗೆ, ಅವರು ಎರಡು ಕಡೆಯ ಯಾವ ಕಡೆಯವರೇ ಆಗಲಿ, ಕೊರಿಯಾದಲ್ಲಿ ಜೊತೆಯಾಗಿ ನಿಂತ ಈ ಇಬ್ಬರ ಕತೆಯನ್ನು ಹೇಳಬೇಕು.

ಇನ್ನು ಹೊಟ್ಟೆಪಾಡಿನ ಮಾತು. ಈ ಓದಿನವರಿಗೆ ವಿಶ್ವವಿದ್ಯಾಲಯ, ವಿಶ್ವಸಂಸ್ಥೆಯ ಅಂಗಗಳು, ರೆಡ್‌ಕ್ರಾಸ್, ಸಂಶೋಧನಾ ಕೇಂದ್ರಗಳು, ನದಿ ವಿವಾದಗಳ ಅಧ್ಯಯನ ಎಲ್ಲ ಕಡೆ ಕೆಲಸವಿದೆ. ಮುಂಬೈಯಿಂದಲೇ ನಡೆಯುವ ಸಂದೀಪ್ ವಾಸಲೇಕರ್ ಅವರ ಸ್ಟ್ರಾಟೆಜಿಕ್ ಫೋರ್‌ಸೈಟ್ ಗ್ರೂಪ್ ಪಶ್ಚಿಮ ಏಷ್ಯಾದ ನದಿಗಳ ನೀರಿನ ಸಹಕಾರದ ಮೇಲೆ ಕೆಲಸ ಮಾಡಿದೆ. ಸಾಫ್ಟ್‌ವೇರಿನಷ್ಟು ಸಂಬಳ ಬರುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಮೊದಲ ಐದಾರು ವರ್ಷ ಕಷ್ಟವೇ. ಆ ಕಾರಣಕ್ಕೇ ನಿಮ್ಮ ಕೈ ಬೇಕು.

ವಿದ್ಯಾರ್ಥಿವೇತನ ಕೊಡುವಾಗ ಕೆಲವು ಮಾತು ಮನಸ್ಸಿನಲ್ಲಿರಲಿ. ಅಂಕವೊಂದನ್ನೇ ನೋಡಬೇಡಿ, ಎದುರಿನವರ ಮಾತು ಕೊನೆವರೆಗೆ ಕೇಳುವ ಸ್ವಭಾವವಿದೆಯೇ ಎಂದು ಸಂದರ್ಶನದಲ್ಲಿ ನೋಡಿ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತು ಬಂದ ಮಗು ಇದ್ದರೆ ಮೊದಲು ಅವರನ್ನು ಪರಿಗಣಿಸಿ. ಜಾತಿ, ಧರ್ಮದ ಕಟ್ಟು ಈ ಒಂದು ವೇತನಕ್ಕಾದರೂ ಬೇಡ. ಬಂಟರ, ಬಿಲ್ಲವರ, ಮೊಗವೀರರ, ಬ್ಯಾರಿಗಳ, ಕ್ರೈಸ್ತರ, ದಲಿತರ, ಲಿಂಗಾಯತರ ಮಕ್ಕಳು ಒಂದೇ ಅರ್ಜಿ ತುಂಬಲಿ. ಒಂದು ಸಂಘಕ್ಕೆ ಭಾರವಾದರೆ ನಾಲ್ಕು ಸಂಘಗಳು ಸೇರಿ ಕೊಡಿ, ಆ ಸೇರುವಿಕೆಯೂ ಇದೇ ಕೆಲಸದ ಭಾಗ. ಓದುವ ಕಾಲದಲ್ಲಿ ಮಗು ಮರಾಠಿಯನ್ನೂ ಉರ್ದುವನ್ನೂ ಚೆನ್ನಾಗಿ ಕಲಿಯಬೇಕು, ಒಂದು ರಜೆಯನ್ನು ಗಡಿಯ ಹಳ್ಳಿಗಳಲ್ಲಿ ಕಳೆಯಬೇಕು, ಕಂಡದ್ದನ್ನು ಕನ್ನಡದಲ್ಲಿ ಬರೆಯಬೇಕು ಎಂದು ಕೇಳಿ. ಈ ಶಾಸ್ತ್ರದ ಪುಸ್ತಕಗಳು ಕನ್ನಡದಲ್ಲಿ ತೀರ ಕಡಿಮೆ. ಹಾಗೆಯೇ ನಿಮ್ಮ ಸಭಾಗೃಹವನ್ನು ತಿಂಗಳಿಗೊಮ್ಮೆ ಆ ವಾರ್ಡಿನ ಎಲ್ಲ ಭಾಷೆ, ಎಲ್ಲ ಧರ್ಮದವರ ಸಭೆಗೆ ತೆರೆದಿಡಿ. ಗಣೇಶೋತ್ಸವ, ಮೊಹರಂ ಮೆರವಣಿಗೆಗಳ ಮೊದಲು ಕೂತು ಮಾತಾಡಲು ಪೊಲೀಸ್ ಠಾಣೆಗಿಂತ ನಮ್ಮ ಸಂಘದ ಅಂಗಳ ಒಳ್ಳೆಯ ಜಾಗ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ದಯವಿಟ್ಟು ಈ ವಿಷಯವನ್ನು ಎತ್ತಿ. ಅರ್ಜಿ ನಮೂನೆಯಲ್ಲಿ ವೈದ್ಯಕೀಯ, ತಾಂತ್ರಿಕ, ವಾಣಿಜ್ಯ ಎಂದು ಇರುವ ಕಡೆ ‘ಶಾಂತಿ ಮತ್ತು ಸಂಘರ್ಷ ಅಧ್ಯಯನ’ ಎಂದು ಇನ್ನೊಂದು ಸಾಲು ಅಚ್ಚು ಹಾಕಿಸಿ. ಆಯ್ಕೆಯಾದ ಮಗುವಿಗೆ ಪ್ರವೇಶ ಪರೀಕ್ಷೆಗೆ ಪಾಠ ಹೇಳಲು, ನನ್ನ ಪುಸ್ತಕಗಳನ್ನೆಲ್ಲ ಕೊಡಲು ನಾನು ಸಿದ್ಧಳಿದ್ದೇನೆ. ಇನ್ನೂ ಕೆಲವು ನಿವೃತ್ತ ಅಧ್ಯಾಪಕರು ಜೊತೆಗೂಡಲು ಒಪ್ಪಿದ್ದಾರೆ. ಹಣ ಮತ್ತು ಮನಸ್ಸು ನಿಮ್ಮದಾಗಲಿ.

ಇತಿ,
ರಾಜ್ಯಶಾಸ್ತ್ರದ ನಿವೃತ್ತ ಅಧ್ಯಾಪಕಿ
ಮುಂಬೈ